ಸೊಂಡಿಲು ಅಂದರೂ ಅದೇ, ಬಸವನಹುಳು ಅಂದರೂ ಅದೇ

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದೆಲ್ಲ ಮಕ್ಕಳು ಹತ್ತಿ, ಜಾರಿ, ಜೋತುಬಿದ್ದು ಆಡುವ ಸಾಮಾನು. ಇಂಥ ಕಡೆ ಕೆಲಸ ಮಾಡುವವರಿಗೆ ದಿನವೂ ಆಟವೇ ಇರಬೇಕು ಎಂದು ಹೊರಗಿನವರು ಅಸೂಯೆಪಡುತ್ತಿದ್ದರು. ಒಳಗೆ ಕಾಲಿಟ್ಟರೆ ಸಿಗುತ್ತಿದ್ದದ್ದು ಕಬ್ಬಿಣದ ಅರಪುಡಿ, ಹಸಿ ಬಣ್ಣದ ವಾಸನೆ, ಮತ್ತು ಗೋಡೆಯಿಂದ ಗೋಡೆಗೆ ಹಾರುವ ಒಂದೇ ಕೂಗು: “ಆ ಫೈಲ್ ಎಲ್ಲಿದೆ?”

ಅದಕ್ಕೆ ಉತ್ತರವೂ ಒಂದೇ. “ಅಲ್ಲೇ ಇದೆ, ನೋಡಿ.”

ಅಲ್ಲೇ ಎಂದರೆ ಎಲ್ಲಿ ಎಂದು ಹುಡುಕಿ ಹುಡುಕಿ ಕಣ್ಣು ಸವೆಸಿಕೊಂಡವರಲ್ಲಿ ದೂರಕ್ಕನೇ ಮೊದಲಿಗಳು. ಮಾರಿದ ಸಾಮಾನಿನ ಬಗ್ಗೆ ಬರುವ ದೂರು ಕೇಳಿ, ರಿಪೇರಿಗೆ ಏರ್ಪಾಡು ಮಾಡುವುದು ಆಕೆಯ ಕೆಲಸ. ದೂರು ಕೇಳುವ ಅಕ್ಕ ದೂರಕ್ಕ ಆದಳು. ಹೆಸರಿಟ್ಟವರು ಯಾರೋ ಕೆಲಸ ಬಿಟ್ಟು ಹೋದರು, ಹೆಸರು ಮಾತ್ರ ಇಲ್ಲೇ ಉಳಿಯಿತು. ಹೊಸಬರು ಬಂದಾಗಲೆಲ್ಲ “ದೂರಕ್ಕ ಹತ್ತಿರದಲ್ಲೇ ಕೂತಿರ್ತಾರೆ” ಎಂಬ ಜೋಕು ಆಗಲೇಬೇಕು. ಆಕೆಯೂ ಮೊದಲ ಸಲ ಕೇಳಿದವಳ ಹಾಗೆ ನಗುತ್ತಿದ್ದಳು. ನಗದಿದ್ದರೆ ಜೋಕನ್ನು ಬಿಡಿಸಿ ಹೇಳುತ್ತಾರೆ, ಅದಕ್ಕಿಂತ ನಗುವುದೇ ವಾಸಿ.

ಒಂದು ಸೋಮವಾರ ಬೆಳಗ್ಗೆ ಕುರ್ಚಿಗೆ ಕೈಚೀಲ ತಗುಲಿಸುವಷ್ಟರಲ್ಲೇ ಫೋನು ಬಡಿದುಕೊಂಡಿತು.

“ಜಾರುಬಂಡೆಯವರಾ?” ಹೆಂಗಸಿನ ದನಿ. ಹಿಂದೆ ಮಕ್ಕಳ ಗಲಾಟೆ.

“ಹೌದಮ್ಮ, ಹೇಳಿ.”

“ನಾನು ಪಾರ್ಕ್ ನೋಡ್ಕೊಳ್ಳೋಳು. ನಿಮ್ಮ ಜಾರುಬಂಡೆ ಇಲ್ಲಿದೆ. ಕೊಳವೆ ಥರ, ಸುತ್ತಿ ಸುತ್ತಿ ಇಳಿಯುತ್ತಲ್ಲ, ಅದು. ಎರಡನೇ ತಿರುವಲ್ಲಿ ಎರಡು ಕೊಳವೆ ಕೂಡಿಸೋ ಕಬ್ಬಿಣದ ಬಳೆ ಬಿರುಕು ಬಿಟ್ಟಿದೆ. ಹಗ್ಗ ಕಟ್ಟಿ ಮುಚ್ಚಿದ್ದೀನಿ. ಆದರೆ ಈ ಮಕ್ಕಳಿಗೆ ಹಗ್ಗ ಕಂಡ್ರೆ ಅದರ ಕೆಳಗೆ ತೂರೋದೇ ಆಟ. ನನ್ನ ಜೀವ ಹಿಂಡ್ತಿದ್ದಾರೆ.”

“ಫೋಟೋ ಕಳಿಸಿ ಅಮ್ಮ. ಆದಷ್ಟು ಬೇಗ ಬಳೆ ಮಾಡಿಸಿ ಕಳಿಸ್ತೀವಿ.”

“ಶಾಲೆಗೆ ರಜೆ ಬರೋದರೊಳಗೆ ಆಗಬೇಕು. ಇಲ್ಲಾಂದ್ರೆ ಎಲ್ಲರನ್ನೂ ಸಾಲು ಮಾಡ್ಕೊಂಡು ನಿಮ್ಮ ಆಫೀಸಿಗೇ ಕರ್ಕೊಂಡು ಬರ್ತೀನಿ. ಆಮೇಲೆ ನಿಮ್ಮ ಮೇಜು ಹತ್ತಿದ್ರು, ಕುರ್ಚಿ ಮುರಿದ್ರು ಅನ್ನಬೇಡಿ.”

ಪಾರ್ಕಮ್ಮನ ದನಿಯಲ್ಲಿ ಬೆದರಿಕೆಗಿಂತ ಖುಷಿಯೇ ಹೆಚ್ಚಿತ್ತು. ದೂರಕ್ಕನಿಗೆ ಆಕೆ ಹಿಡಿಸಿಬಿಟ್ಟಳು.

ಫೋಟೋ ಬಂತು. ಇಂಥ ಜಾರುಬಂಡೆಯನ್ನು ಕಾರ್ಖಾನೆ ಈಗ ಮಾಡುತ್ತಿರಲಿಲ್ಲ. ಇದು ಬಹಳ ಹಿಂದಿನದು, ಆಗಿನವರಲ್ಲಿ ಹೆಚ್ಚಿನವರು ಈಗ ಕೆಲಸದಲ್ಲಿಲ್ಲ. ಬಳೆ ಮಾಡಬೇಕಾದರೆ ಅದರ ನಕ್ಷೆ ಬೇಕು. ನಕ್ಷೆ ಎಲ್ಲಿ? ಅಲ್ಲೇ ಇದೆ, ನೋಡಿ.

ದೂರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಹುಡುಕಲು ಕೂತಳು. ಎಲ್ಲರೂ ಹಂಚಿಕೊಳ್ಳುವ ಡ್ರೈವಿನಲ್ಲಿ ‘ಹಳೆಯದು’ ಎಂಬ ಫೋಲ್ಡರ್ ಇತ್ತು. ಅದರೊಳಗೆ ‘ತೀರ ಹಳೆಯದು’. ಅದರೊಳಗೆ ‘ಹೊಸದು’. ಇನ್ನೊಂದು ಕಡೆ ‘ಮುಟ್ಟಬೇಡಿ’ ಎಂಬುದು. ಅಳುಕುತ್ತಲೇ ತೆರೆದರೆ ಒಳಗೆ ಯಾವುದೋ ಪಿಕ್‌ನಿಕ್ಕಿನಲ್ಲಿ ತೆಗೆದ ಮರದ ಚಿತ್ರಗಳು, ಎಲ್ಲವೂ ಅಡ್ಡಡ್ಡ. ಮೇಲ್‌ಗಳದ್ದು ಬೇರೆಯೇ ಕಾಡು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಂಡಿತು, ನಕ್ಷೆ ಸಿಗಲಿಲ್ಲ.

ಹಾಗೆ ನೋಡಿದರೆ ಹುಡುಕಲು ಒಂದು ಉಪಾಯ ಆಗಲೇ ಆಫೀಸಿಗೆ ಬಂದಿತ್ತು. ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೌಸಣ್ಣ ಕಳೆದ ತಿಂಗಳು ಎಲ್ಲರ ಪರದೆಯ ಮೇಲೂ ಒಂದು ಉದ್ದನೆಯ ಬಿಳಿ ಪೆಟ್ಟಿಗೆ ಕೂರಿಸಿದ್ದ. ಅದರೊಳಗೆ ಒಂದು ಪದ ಹಾಕಿದರೆ ಡ್ರೈವು, ಮೇಲು, ಹಳೆಯ ಕಂಪ್ಯೂಟರಿನ ಫೈಲುಗಳು, ಎಲ್ಲವನ್ನೂ ಒಟ್ಟಿಗೆ ಜಾಲಾಡಿ ತೋರಿಸುತ್ತಿತ್ತು. ಯಜಮಾನರೇ ಮುತುವರ್ಜಿ ವಹಿಸಿ ತರಿಸಿದ್ದು. ಮೊದಲ ದಿನ ಎಲ್ಲರೂ ಅವರವರ ಹೆಸರು ಹಾಕಿ ನೋಡಿದರು. ತಮ್ಮ ಬಗ್ಗೆ ಯಾರೂ ಏನೂ ಬರೆದಿಲ್ಲವೆಂದು ಕೆಲವರಿಗೆ ನೆಮ್ಮದಿ, ಕೆಲವರಿಗೆ ಬೇಜಾರು. “ನಮ್ಮ ಸ್ವಂತ ಮೇಲೂ ಎಲ್ಲರಿಗೂ ಕಾಣುತ್ತಾ?” ಎಂದು ಗಾಬರಿಬಿದ್ದವರಿಗೆ ಮೌಸಣ್ಣ, “ನಿಮಗೆ ಏನು ನೋಡೋ ಹಕ್ಕಿದೆಯೋ ಅಷ್ಟೇ ಕಾಣೋದು. ಬೇರೆಯವರ ಮನೆ ಜಗಳ ಓದೋ ಯೋಗ ಯಾರಿಗೂ ಇಲ್ಲ” ಎಂದು ಸಮಾಧಾನ ಹೇಳಿದ. ವಾರ ಕಳೆಯುವುದರೊಳಗೆ ಎಲ್ಲರೂ ಅದನ್ನು ಬಿಟ್ಟು ಮತ್ತೆ ಕೂಗುವುದಕ್ಕೇ ಹಿಂತಿರುಗಿದ್ದರು.

ದೂರಕ್ಕ ಆ ಪೆಟ್ಟಿಗೆಯಲ್ಲಿ ‘ಜಾರುಬಂಡೆ’ ಎಂದು ಹಾಕಿದಳು. ಜಾರುಬಂಡೆ ಮಾಡುವ ಕಾರ್ಖಾನೆಯಲ್ಲಿ ಜಾರುಬಂಡೆ ಎಂದು ಹುಡುಕಿದರೆ ಏನಾಗಬೇಕೋ ಅದೇ ಆಯಿತು, ಪರದೆ ತುಂಬಿ ತುಳುಕಿತು. ‘ಸುರುಳಿ ಜಾರುಬಂಡೆ’ ಎಂದಳು. ಏನೂ ಸಿಗಲಿಲ್ಲ. ‘ಸುತ್ತಿ ಸುತ್ತಿ ಇಳಿಯುವ’ ಎಂದು ಪಾರ್ಕಮ್ಮನ ಮಾತನ್ನೇ ಹಾಕಿದಳು. ಪೆಟ್ಟಿಗೆ ನಾಲ್ಕನೇ ಮಹಡಿಯ ನೀರಿನ ಪೈಪ್ ರಿಪೇರಿಯ ರಸೀದಿ ತೋರಿಸಿತು.

“ಮೌಸಣ್ಣ, ನಿನ್ನ ಪೆಟ್ಟಿಗೆ ಕಿವುಡು” ಎಂದಳು.

ಮೌಸಣ್ಣ ಚಹದ ಲೋಟ ಹಿಡಿದೇ ಬಂದ. “ಕಿವುಡಲ್ಲ ಅಕ್ಕ. ನೀವು ಕರೀತಿರೋ ಹೆಸರು ಅದಕ್ಕೆ ಗೊತ್ತಿಲ್ಲ, ಅಷ್ಟೇ. ಬರೆದಿಟ್ಟವರು ಇದನ್ನ ಏನಂತ ಕರೀತಿದ್ರು? ಅದನ್ನ ತಿಳ್ಕೊಂಡು ಬನ್ನಿ, ಆಮೇಲೆ ಬೈಯಿರಿ.”

ದೂರಕ್ಕನಿಗೆ ಅದು ಹೌದೆನಿಸಿತು. ಫೋನಿನಲ್ಲಿ ಪಾರ್ಕಿನ ಫೋಟೋ ತೆರೆದುಕೊಂಡು ಹೊರಟಳು.

ಮೊದಲು ಕೆಳಗಿನ ಶೆಡ್ಡಿಗೆ. ಬೆಸುಗೆ ಮೇಸ್ತ್ರಿ ಮುಖದ ಕವಚ ಹಣೆಗೆ ಏರಿಸಿ, ಫೋಟೋ ನೋಡಿ, ಹಲ್ಲುಬಿಟ್ಟ. “ಓ, ಬಸವನಹುಳು! ನಾನು ಸೇರೋ ಮುಂಚಿನದ್ದು. ಹಳೇ ಮೇಸ್ತ್ರಿ ಹೇಳ್ತಿದ್ರು, ಒಂದು ಬಸವನಹುಳು ಮಾಡೋದರಲ್ಲಿ ಎರಡು ಮಾಮೂಲಿ ಜಾರುಬಂಡೆ ಮುಗಿಸಬಹುದು ಅಂತ.”

ಮಾರಾಟ ವಿಭಾಗದ ಮಾತಿನಮಲ್ಲ ಫೋಟೋ ಕಂಡದ್ದೇ ಎದೆಗೆ ಕೈಯಿಟ್ಟುಕೊಂಡ. “ಸೊಂಡಿಲು! ನಮ್ಮ ಹೆಮ್ಮೆಯ ಸೊಂಡಿಲು! ‘ನಿಮ್ಮ ಮಕ್ಕಳನ್ನು ಆನೆಯೇ ಎತ್ತಿ ಇಳಿಸಲಿದೆ’ ಅಂತ ಜಾಹೀರಾತು ಮಾಡಿದ್ವಿ. ಮಕ್ಕಳು ಆನೆ ಎಲ್ಲಿ ಅಂತ ಕೇಳಿದ್ರು, ನಿಲ್ಲಿಸಿಬಿಟ್ವಿ.”

ಲೆಕ್ಕ ಬರೆಯುವ ಲೆಕ್ಕಪ್ಪ ಕನ್ನಡಕದ ಮೇಲಿಂದ ನೋಡಿದ. ಆತ ಹೆಚ್ಚು ಮಾತಿನ ಮನುಷ್ಯನಲ್ಲ. “ತಿರುಗು ಸಾಮಾನು, ದೊಡ್ಡದು” ಎಂದ. ಅಷ್ಟೇ.

“ಅದ್ಯಾವ ಹೆಸರು ಲೆಕ್ಕಪ್ಪನವರೇ?”

“ತಿರುಗದ ಸಾಮಾನು ಬೇರೆ ಇದೆಯಲ್ಲ.”

ನಕ್ಷೆ ಬಿಡಿಸುವ ಮೇಡಂ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಆದರೆ ತನಗಿಂತ ಹಿಂದೆ ಆ ಕುರ್ಚಿಯಲ್ಲಿದ್ದವರ ಅಭ್ಯಾಸ ಆಕೆಗೆ ಗೊತ್ತಿತ್ತು. “ಅವರು ಎಲ್ಲದಕ್ಕೂ ಅಕ್ಷರ, ಅಂಕಿ ಕೊಡ್ತಿದ್ರು. ಸುತ್ತೋದಕ್ಕೆಲ್ಲ ‘ಸು’ ಅಂತ ಶುರು. ಇದು ಸು-ಮೂರು ಇರಬೇಕು.”

ಎತ್ತು ಏರಿಗೆ, ಕೋಣ ನೀರಿಗೆ ಎಂಬ ಹಾಗೆ ಒಂದೇ ಜಾರುಬಂಡೆ ನಾಲ್ಕು ಬಾಯಲ್ಲಿ ನಾಲ್ಕು ಹೆಸರಾಗಿತ್ತು. ದೂರಕ್ಕ ಬಂದು ಎಲ್ಲವನ್ನೂ ಒಪ್ಪಿಸಿದಾಗ ಮೌಸಣ್ಣನಿಗೆ ಚಹ ಮರೆತುಹೋಯಿತು.

“ಸೊಂಡಿಲು ಅಂದರೂ ಅದೇ, ಬಸವನಹುಳು ಅಂದರೂ ಅದೇ ಅಂತ ಇದಕ್ಕೆ ಹೇಳಿಕೊಡೋಣ. ಒಂದು ಹಾಕಿದ್ರೆ ಉಳಿದಿದ್ದೂ ಹುಡುಕಬೇಕು, ಹಾಗೆ” ಎಂದು ಟಕಟಕ ಒತ್ತಿದ. “ಈಗ ಕರೀರಿ.”

ದೂರಕ್ಕ ‘ಸೊಂಡಿಲು’ ಎಂದು ಹಾಕಿದಳು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದರು ಅನ್ನಬೇಕು, ನಕ್ಷೆ ಎದುರಿಗೇ ಬಂದು ನಿಂತಿತು. ಸು-ಮೂರು, ಎರಡನೇ ತಿರುವು, ಬಳೆಯ ಅಗಲ, ದಪ್ಪ, ಬೋಲ್ಟಿನ ತೂತುಗಳ ಜಾಗ, ಎಲ್ಲ ಅಚ್ಚುಕಟ್ಟಾಗಿ. ಅದರ ಜೊತೆಯಲ್ಲೇ ಲೆಕ್ಕಪ್ಪನ ಹಳೆಯ ಬಿಲ್ಲು, ಪಾರ್ಕಿಗೆ ಸಾಮಾನು ಹೋದ ತಾರೀಖು ಕೂಡ.

“ಮೌಸಣ್ಣ, ನಿನ್ನ ಪೆಟ್ಟಿಗೆಗೆ ಕಿವಿ ಬಂತು!”

ಅವತ್ತು ದೂರಕ್ಕ ಮನೆಗೆ ಹೋಗುವಾಗ ಬಸ್ಸಿನಲ್ಲಿ ನಿಂತೇ ಹಾಡು ಗುನುಗಿದಳು. ಕಂಡಕ್ಟರ್ ತಿರುಗಿ ನೋಡಿದ.

ಮರುದಿನ ಆ ಹಾಡು ನಿಂತಿತು.

ನಕ್ಷೆ ಮೇಡಂ ಜಾಗರೂಕತೆಯ ಹೆಂಗಸು. ಕಬ್ಬಿಣ ಕತ್ತರಿಸುವ ಮುಂಚೆ ಒಂದು ಸಲ ಪಾರ್ಕಿನಲ್ಲಿರುವ ಬಳೆಯ ಅಳತೆಯನ್ನೂ ತರಿಸಿ ನೋಡೋಣ ಎಂದಳು. ಪಾರ್ಕಮ್ಮ ಟೇಪು ಹಿಡಿದು, ಅಳತೆ ಕಾಣುವ ಹಾಗೆ ಫೋಟೋ ಕಳಿಸಿದಳು. ನಕ್ಷೆಗೂ ಅದಕ್ಕೂ ತಾಳೆಯೇ ಇಲ್ಲ! ಪಾರ್ಕಿನ ಬಳೆ ನಕ್ಷೆಯ ಬಳೆಗಿಂತ ಭರ್ತಿ ನಾಲ್ಕು ಬೆರಳು ಅಗಲ.

“ಇರೋ ಅಳತೆಗೇ ಮಾಡಿಬಿಡೋಣ ಮೇಡಂ, ಕೂರುತ್ತಲ್ಲ?” ಎಂದಳು ದೂರಕ್ಕ.

“ಕೂರುತ್ತೆ. ಆದರೆ ಯಾಕೆ ಅಗಲ ಆಯ್ತು ಅಂತ ಗೊತ್ತಾಗಬೇಕಲ್ಲ?” ಮೇಡಂ ಪೆನ್ಸಿಲಿನಿಂದ ತಲೆ ಕೆರೆದುಕೊಂಡಳು. “ಮೊದಲೇ ಹಾಗೆ ಮಾಡಿದ್ರೆ ಸರಿ. ಬಿಸಿಲಿಗೆ ಕೊಳವೆ ಉಬ್ಬಿ ಹಾಗಾಗಿದ್ರೆ? ಉಬ್ಬಿದ ಕೊಳವೆಗೆ ಬಳೆ ತೊಡಿಸಿ ಮೇಲೆ ಮಕ್ಕಳನ್ನ ಹತ್ತಿಸೋಕಾಗುತ್ತಾ? ಪೂರ್ತಿ ಕೊಳವೆಯನ್ನೇ ತೆಗೀಬೇಕಾಗುತ್ತೆ. ಕಾರಣ ಸಿಗೋವರೆಗೂ ನಾನು ಸಹಿ ಹಾಕಲ್ಲ ದೂರಕ್ಕ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳಲು ಆಕೆ ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ. ಮಕ್ಕಳ ವಿಷಯ. ಆದರೆ ಪೂರ್ತಿ ಕೊಳವೆ ತೆಗೆಯುವುದೆಂದರೆ ರಜೆ ಮುಗಿದೇ ಹೋಗುತ್ತದೆ. ದೂರಕ್ಕ ಮತ್ತೆ ಪೆಟ್ಟಿಗೆಗೆ ಮೊರೆಹೋದಳು. ಸೊಂಡಿಲು, ಬಸವನಹುಳು, ಬಳೆ, ಅಳತೆ, ಬದಲಾವಣೆ. ಗೊತ್ತಿರುವ ಹೆಸರುಗಳನ್ನೆಲ್ಲ ಹಾಕಿ, ತಿರುವಿ ಹಾಕಿ, ಜೋಡಿಸಿ ಹಾಕಿದಳು. ಮತ್ತೆ ಮತ್ತೆ ಅದೇ ನಕ್ಷೆ, ಅದೇ ಬಿಲ್ಲು. ಬದಲಾವಣೆಯ ಸುದ್ದಿ ಎಲ್ಲೂ ಇಲ್ಲ. ಬೆಸುಗೆ ಮೇಸ್ತ್ರಿಗೂ ಗೊತ್ತಿಲ್ಲ, ಹಳೇ ಮೇಸ್ತ್ರಿ ಮಗಳ ಮನೆಗೆಂದು ಸಮುದ್ರದಾಚೆಗೆ ಹೋಗಿದ್ದಾನೆ, ಫೋನು ಹತ್ತುತ್ತಿಲ್ಲ. ಇತ್ತ ಪಾರ್ಕಮ್ಮನ ಫೋನು ಮಾತ್ರ ದಿನವೂ ಹತ್ತುತ್ತಿತ್ತು.

“ಇವತ್ತು ಒಬ್ಬ ಹಗ್ಗಕ್ಕೆ ಚೀಟಿ ಅಂಟಿಸಿದ್ದಾನೆ, ‘ಕ್ಷಮಿಸಿ, ಜಾರಲು ಬಿಡುತ್ತಿಲ್ಲ’ ಅಂತ. ಕೆಳಗೆ ನನ್ನ ಚಿತ್ರ ಬೇರೆ. ಮೂಗು ಇಷ್ಟುದ್ದ!”

ಆ ಸಂಜೆ ದೂರಕ್ಕ ಮನೆಗೆ ಬಂದಾಗ ಅಲ್ಲೂ ಹುಡುಕಾಟವೇ ನಡೆದಿತ್ತು. ಗಂಡ ಅಡುಗೆಮನೆಯ ಕಪಾಟಿನ ಎಲ್ಲ ಖಾನೆಗಳನ್ನೂ ತೆರೆದು, ನಡುವೆ ನಿಂತು, “ಸ್ಕ್ರೂಡ್ರೈವರ್, ಸ್ಕ್ರೂಡ್ರೈವರ್” ಎಂದು ಜಪ ಮಾಡುತ್ತಿದ್ದ. ಮಿಕ್ಸಿಯ ಹಿಡಿ ಸಡಿಲವಾಗಿತ್ತಂತೆ.

ಅತ್ತೆ ಕೂತಲ್ಲಿಂದಲೇ ನೋಡುತ್ತಿದ್ದರು. “ಹೆಸರು ಹಿಡಿದು ಕೂಗಿದ್ರೆ ಓ ಅನ್ನೋಕೆ ಅದೇನು ಕೂಸೇನೋ? ಕೊನೇಲಿ ಯಾವಾಗ ಹಿಡ್ಕೊಂಡಿದ್ದೆ, ಅದನ್ನ ಹೇಳು.”

“ಯಾವಾಗಮ್ಮ... ಕಿಟಕಿ ಪರದೆ ಹಾಕಿದಾಗ.”

“ಪರದೆ ಹಾಕಿದ್ದು ಯಾವಾಗ?”

“ಭಾವ ಬರೋ ಮುಂಚೆ.”

“ಭಾವ ಬಂದಾಗ ಅವಸರದಲ್ಲಿ ಬಿದ್ದಿದ್ದೆಲ್ಲ ಎಲ್ಲಿಗೆ ತುಂಬಿದೆ?”

ಗಂಡ ಹೋಗಿ ಮಂಚದ ಕೆಳಗಿನ ಸೂಟ್‌ಕೇಸ್ ಎಳೆದ. ಸ್ಕ್ರೂಡ್ರೈವರ್ ಬಂತು, ಜೊತೆಗೆ ಮಗಳ ಒಂಟಿ ಚಪ್ಪಲಿ ಮತ್ತು ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಟಾರ್ಚು. ಮಗಳು ಚಪ್ಪಾಳೆ ತಟ್ಟಿದಳು. ದೂರಕ್ಕ ಮಾತ್ರ ಕೈಚೀಲವನ್ನೂ ಇಳಿಸದೆ ನಿಂತೇ ಇದ್ದಳು.

“ಏನಾಯ್ತೇ?” ಅತ್ತೆ ಕೇಳಿದರು.

“ಏನಿಲ್ಲ ಅತ್ತೆ. ನಾನೂ ಹೆಸರು ಹಿಡಿದೇ ಕೂಗ್ತಾ ಇದ್ದೆ.”

ಮರುದಿನ ಬೆಳಗ್ಗೆ ಆಕೆ ಮೌಸಣ್ಣನಿಗೆ ಚಹ ಕುಡಿಯಲೂ ಬಿಡಲಿಲ್ಲ. “ಹೆಸರೇ ಬೇಡ. ನಕ್ಷೆ ಮುಗಿದ ತಾರೀಖು ನಮ್ಮ ಹತ್ರ ಇದೆ. ಪಾರ್ಕಿಗೆ ಸಾಮಾನು ಹೋದ ತಾರೀಖು ಲೆಕ್ಕಪ್ಪನ ಬಿಲ್ಲಲ್ಲಿದೆ. ಅಗಲ ಮಾಡಿದ್ರೆ ಈ ಎರಡರ ನಡುವೆಯೇ ಮಾಡಿರಬೇಕು. ಆ ದಿನಗಳಲ್ಲಿ ಶೆಡ್ಡಿನಿಂದ ಬಂದ ಮೇಲ್ ಅಷ್ಟನ್ನೂ ತೋರಿಸು ಅಂತ ಇದಕ್ಕೆ ಹೇಳಬಹುದಾ?”

“ಹೇಳಬಹುದಲ್ಲ! ಯಾರು ಬರೆದಿದ್ದು, ಯಾವಾಗ ಬರೆದಿದ್ದು, ಜೊತೆಗೆ ಚಿತ್ರ ಇದೆಯಾ ಇಲ್ವಾ, ಹೀಗೆ ಎಷ್ಟು ಬೇಕೋ ಅಷ್ಟು ಜರಡಿ ಹಿಡೀಬಹುದು. ನಾನು ಅವತ್ತೇ ಎಲ್ಲರಿಗೂ ಹೇಳಿಕೊಟ್ಟಿದ್ದೆ.”

“ಅವತ್ತು ನಾವೆಲ್ಲ ನಮ್ಮ ನಮ್ಮ ಹೆಸರು ಹುಡುಕ್ತಾ ಇದ್ವಿ.”

ಶೆಡ್ಡಿನವರು ಮೇಲ್ ಬರೆಯುವುದೇ ಅಪರೂಪ. ಆ ತಿಂಗಳುಗಳಲ್ಲಿ ಬಂದದ್ದು ಬೆರಳೆಣಿಕೆ. ಎರಡು ರಜೆ ಕೇಳಿದ್ದು. ಒಂದು ಫ್ಯಾನ್ ಕೆಟ್ಟಿದ್ದು. ಇನ್ನೊಂದನ್ನು ಹಳೇ ಮೇಸ್ತ್ರಿ ಇಡೀ ಕಾರ್ಖಾನೆಯ ವಿಳಾಸಕ್ಕೆ ಕಳಿಸಿದ್ದ. ತಲೆಬರಹ: ‘ಬಿರಡೆ ಬಿಚ್ಚಿತು’. ಜೊತೆಗೊಂದು ಚಿತ್ರ.

ಚಿತ್ರ ತೆರೆದ ಮೌಸಣ್ಣ ಕುರ್ಚಿಯಿಂದ ಅರ್ಧ ಎದ್ದ. ಸೊಂಡಿಲಿನ ಎರಡನೇ ತಿರುವು, ಇನ್ನೂ ಬಣ್ಣ ಕಾಣದ ಕೊಳವೆ. ಅದರ ಬಾಯಿಯಿಂದ ಹೊರಗೆ ಚಾಚಿಕೊಂಡ ಎರಡು ಕಾಲು, ಇಸ್ತ್ರಿ ಮಾಡಿದ ಪ್ಯಾಂಟು, ಕಡುಗೆಂಪು ಕಾಲುಚೀಲ. ಆ ಕಾಲುಗಳನ್ನು ಹಿಡಿದು ಎಳೆಯುತ್ತಿರುವ ಮೂವರು. ಕೆಳಗೆ ಹೀಗೆ ಬರೆದಿತ್ತು:

‘ಎಲ್ಲರ ಗಮನಕ್ಕೆ. ಮೊದಲು ತಾವೇ ಜಾರಿ ನೋಡುತ್ತೇನೆಂದು ಹಟ ಹಿಡಿದು ಬೆಳಗ್ಗೆ ಹತ್ತಿದ ಯಜಮಾನರು ಮಧ್ಯಾಹ್ನದ ಊಟಕ್ಕೆ ಇಳಿದರು. ಎಳೆದವರು ಮೂವರು, ಮೇಲಿಂದ ತಳ್ಳಿದವರು ಇಬ್ಬರು, ಖರ್ಚಾದ ಸಾಬೂನು ಒಂದು. ಇನ್ನು ಮೇಲೆ ಹೀಗಾಗಬಾರದೆಂದು ಆ ತಿರುವನ್ನೂ ಅದರ ಉಂಗುರವನ್ನೂ ನಾಲ್ಕು ಬೆರಳು ಅಗಲ ಮಾಡಿದ್ದೇನೆ. ಮಗು ಹೆದರಿ ನಡುವೆ ನಿಂತರೆ ಕರೆತರಲು ಹೋದ ಅಪ್ಪ ಅಮ್ಮ ಸಿಕ್ಕಿಕೊಳ್ಳಬಾರದಲ್ಲ. ಭಾರ ಹಾಕಿ ನೋಡಿದ್ದಾಗಿದೆ, ಗಟ್ಟಿ ಇದೆ. ನಕ್ಷೆಯವರು ತಿದ್ದಿಕೊಳ್ಳತಕ್ಕದ್ದು.’

ನಕ್ಷೆಯವರು ತಿದ್ದಿಕೊಳ್ಳುವ ಮೊದಲೇ ಕೆಲಸ ಬಿಟ್ಟಿರಬೇಕು. ಹಳೇ ಮೇಸ್ತ್ರಿಗೆ ಅದು ಬಳೆಯಲ್ಲ, ಉಂಗುರ. ಸೊಂಡಿಲೂ ಅಲ್ಲ, ಬಸವನಹುಳುವೂ ಅಲ್ಲ, ಬರೀ ‘ಆ ತಿರುವು’. ಹೆಸರು ಹಿಡಿದು ಕೂಗಿದ್ದರೆ ಇನ್ನೂ ಹತ್ತು ವರ್ಷ ಕೂಗುತ್ತಲೇ ಇರಬೇಕಿತ್ತು.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಇನ್ನೂ ಮುಗಿದಿರಲಿಲ್ಲ. ಹಳೆಯ ನಕ್ಷೆ ತಿದ್ದಬೇಕಾದರೆ ಯಜಮಾನರ ಒಪ್ಪಿಗೆ ಬೇಕು. ಒಪ್ಪಿಗೆ ಬೇಕಾದರೆ ಆಧಾರ ತೋರಿಸಬೇಕು. ಆಧಾರವೆಂದರೆ ಯಜಮಾನರದೇ ಕಾಲು.

ಯಜಮಾನರೆಂದರೆ ಆಳೆತ್ತರದ, ತೂಕದ ಮನುಷ್ಯ. ಮಾತೂ ತೂಕದ್ದೇ. ಅವರು ವರಾಂಡದಲ್ಲಿ ನಡೆದರೆ ಚಹದ ಲೋಟಗಳು ತಾವಾಗಿಯೇ ಕೆಳಗಿಳಿಯುತ್ತಿದ್ದವು. ಅವರ ಕೋಣೆಯ ಗೋಡೆಯ ಮೇಲೆ ಕೋಟು ತೊಟ್ಟ ಅವರದೇ ಒಂದು ಚಿತ್ರ, ಅದೂ ಯಾರನ್ನೋ ಈಗಷ್ಟೇ ಗದರಿಸಿದ ಹಾಗೆ.

“ಚಿತ್ರ ತೆಗೆದು ಬರೀ ಬರಹ ತೋರಿಸೋಣ” ಎಂದ ಮೌಸಣ್ಣ.

“ಬರಹದಲ್ಲಿ ಸಾಬೂನಿದೆ.”

“ಸಾಬೂನು ಅಳಿಸೋಣ.”

“ಆಧಾರ ತಿದ್ದಿ ತೋರಿಸಿದ್ರೆ ಅದು ಆಧಾರ ಹೇಗಾಗುತ್ತೆ ಮೌಸಣ್ಣ? ಬಾ, ಹೋಗೋಣ. ಬೈದ್ರೆ ಬೈಸ್ಕೊಳ್ಳೋಣ.”

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಇಬ್ಬರೂ ಒಳಗೆ ಹೋಗಿ ನಿಂತರು. ದೂರಕ್ಕ ಪಾರ್ಕು, ಬಳೆ, ನಾಲ್ಕು ಬೆರಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, “ಇದಕ್ಕೊಂದು ಹಳೆಯ ಮೇಲ್ ಸಿಕ್ಕಿದೆ ಸರ್” ಎಂದು ಮುಗಿಸಿದಳು.

“ತೋರಿಸಿ.”

ಆಕೆ ಲ್ಯಾಪ್‌ಟಾಪ್ ಅವರತ್ತ ತಿರುಗಿಸಿದಳು. ಯಜಮಾನರು ಕನ್ನಡಕ ಹಾಕಿಕೊಂಡರು. ಪರದೆಗೆ ಬಾಗಿದರು. ಮೌಸಣ್ಣ ಗೋಡೆಯ ಚಿತ್ರವನ್ನೂ ಎದುರಿನ ಮುಖವನ್ನೂ ನೋಡಿ, ಯಾವುದು ಹೆಚ್ಚು ಭಯಂಕರ ಎಂದು ತೂಗುವವನ ಹಾಗೆ ನಿಂತಿದ್ದ.

“ಇದು...” ಯಜಮಾನರ ದನಿ ಗದ್ಗದವಾಗಿತ್ತು. “ಇದು ಎಲ್ಲಿತ್ತು?”

“ಅಲ್ಲೇ ಇತ್ತು ಸರ್” ಎಂದುಬಿಟ್ಟಳು ದೂರಕ್ಕ, ಬಾಯಿತಪ್ಪಿ.

ಯಜಮಾನರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೇನೋ ಎಂದು ಹೆದರಿ ಮೌಸಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಅವರು ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಮೇಜು ಅದುರುವ ಹಾಗೆ. ಹೊರಗೆ ಕೂತವರೆಲ್ಲ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ನಮ್ಮ ಮನೇಲಿ ಒಬ್ಬರೂ ನಂಬಲ್ಲ ಕಣ್ರೀ!” ಎಂದರು ಕಣ್ಣೊರೆಸಿಕೊಳ್ಳುತ್ತ. “ನಾನೊಂದ್ಸಲ ಜಾರುಬಂಡೆಲಿ ಸಿಕ್ಕಿಹಾಕ್ಕೊಂಡಿದ್ದೆ ಅಂದ್ರೆ ನನ್ನ ಹೆಂಡತಿ, ‘ನೀವಾ? ನೀವು ಜಾರುಬಂಡೆ ಹತ್ತೋರಾ?’ ಅಂತಾಳೆ. ಮೊಮ್ಮಕ್ಕಳಂತೂ ‘ತಾತ ರೀಲು ಬಿಡ್ತಾನೆ’ ಅಂತ ಓಡಿಹೋಗ್ತವೆ. ಈ ಹುಡುಕೋ ಪೆಟ್ಟಿಗೆ ಬಂದ ದಿನಾನೇ ಈ ಚಿತ್ರಕ್ಕಾಗಿ ಹುಡುಕಿದೆ.”

“ಏನು ಅಂತ ಹಾಕಿದ್ರಿ ಸರ್?” ಮೌಸಣ್ಣನಿಗೆ ಕಸುಬಿನ ಕುತೂಹಲ ತಡೆಯಲಾಗಲಿಲ್ಲ.

“‘ಯಜಮಾನರು’ ಅಂತ. ಸಂಬಳ ಜಾಸ್ತಿ ಮಾಡಿ ಅನ್ನೋ ನಿಮ್ಮೆಲ್ಲರ ಅರ್ಜಿ ಸಾಲಾಗಿ ಬಂತು. ಮುಚ್ಚಿಬಿಟ್ಟೆ.”

ಈ ಪೆಟ್ಟಿಗೆಯನ್ನು ಅವರು ಅಷ್ಟು ಮುತುವರ್ಜಿಯಿಂದ ತರಿಸಿದ್ದು ಯಾಕಿರಬಹುದೆಂದು ಮೌಸಣ್ಣನಿಗೆ ಆಗ ಒಂದು ಅನುಮಾನ ಬಂತು. ಕೇಳುವಷ್ಟು ಧೈರ್ಯ ಬರಲಿಲ್ಲ.

ಯಜಮಾನರು ಒಪ್ಪಿಗೆ ಬರೆದುಕೊಟ್ಟರು. ಚಿತ್ರವನ್ನು ತಮ್ಮ ಫೋನಿಗೂ ಹೆಂಡತಿಯ ಫೋನಿಗೂ ಕಳಿಸುವಂತೆ ಹೇಳಿದರು. ದೂರಕ್ಕ ಬಾಗಿಲು ದಾಟುವ ಮೊದಲೇ ಉತ್ತರ ಬಂದಿತ್ತು. ಅದನ್ನವರು ಗಟ್ಟಿಯಾಗಿಯೇ ಓದಿದರು: “‘ಆ ಕೆಂಪು ಕಾಲುಚೀಲ ನಾನು ಕೊಡಿಸಿದ್ದು. ಕಳೆದುಹೋಯ್ತು ಅಂದಿದ್ರಿ.’”

ಕಾಲುಚೀಲ ಎಲ್ಲಿ ಹೋಯಿತೆಂಬುದು ಗಂಡಹೆಂಡಿರ ವಿಷಯ. ದೂರಕ್ಕ ಬಾಗಿಲು ಮುಚ್ಚಿಕೊಂಡಳು.

ಉಬ್ಬಿದ್ದಲ್ಲ, ಬೇಕೆಂದೇ ಅಗಲ ಮಾಡಿದ್ದು ಎಂದು ತಿಳಿದ ಮೇಲೆ ನಕ್ಷೆ ಮೇಡಂ ಕ್ಷಣವೂ ತಡಮಾಡಲಿಲ್ಲ. ನಕ್ಷೆ ತಿದ್ದಿದಳು, ಸಹಿ ಹಾಕಿದಳು, ಫೈಲಿನ ಹೆಸರಲ್ಲಿ ಸು-ಮೂರು, ಸೊಂಡಿಲು, ಬಸವನಹುಳು, ತಿರುಗು ಸಾಮಾನು ಎಲ್ಲವನ್ನೂ ಬರೆದಳು. ಹೆಸರು ಎಷ್ಟು ಉದ್ದವಾಯಿತೆಂದರೆ ಕಂಪ್ಯೂಟರೇ ಸಾಕು ಎಂದಿತು. ಬೆಸುಗೆ ಮೇಸ್ತ್ರಿ ಬಳೆಯನ್ನು ಮಾಡಿ, ತಟ್ಟಿ ನೋಡಿ, ನೀಲಿ ಬಣ್ಣ ಬಳಿದ.

ಶಾಲೆಗೆ ರಜೆ ಶುರುವಾಗುವ ಹಿಂದಿನ ದಿನ ಬಳೆ ಕೂರಿಸಲು ಮೇಸ್ತ್ರಿಯ ಜೊತೆ ದೂರಕ್ಕನೂ ಹೋದಳು. ಪಾರ್ಕಮ್ಮ ಫೋನಿನ ದನಿಗೆ ಹೋಲಿಸಿದರೆ ಬಹಳ ಸಣ್ಣ ಆಳು, ದೂರಕ್ಕನ ಭುಜದಷ್ಟು ಎತ್ತರ. ಬೇಲಿಯ ಹೊರಗೆ ಮಕ್ಕಳು ಕಂಬಿಗೆ ಮೂಗು ತೂರಿಸಿಕೊಂಡು ನಿಂತಿದ್ದವು. ಕೊನೆಯ ಬೋಲ್ಟು ಬಿಗಿದು ಮೇಸ್ತ್ರಿ ಇಳಿದದ್ದೇ ತಡ, ಪಾರ್ಕಮ್ಮ ಕತ್ತರಿ ತಂದು ಹಗ್ಗಕ್ಕೆ ಕೈಹಾಕಿದಳು.

“ಮೊದಲು ನೀವು” ಎಂದಳು ದೂರಕ್ಕನಿಗೆ.

“ನಾನಾ? ಸೀರೆ ಉಟ್ಕೊಂಡು?”

“ನೀವು ಮಾಡಿದ್ದನ್ನ ನೀವೇ ನಂಬದಿದ್ರೆ ನಾನು ಮಕ್ಕಳನ್ನ ಹೇಗೆ ಹತ್ತಿಸಲಿ?”

ಮಕ್ಕಳು “ಆಂಟೀ, ಆಂಟೀ” ಎಂದು ಕೂಗತೊಡಗಿದವು. ದೂರಕ್ಕ ಸೆರಗು ಬಿಗಿದುಕೊಂಡು ಏಣಿ ಹತ್ತಿದಳು. ಮೇಲೆ ಕೂತಳು. ದೂರು ಕೇಳುತ್ತ ಇಷ್ಟು ವರ್ಷ ಕಳೆದವಳು ಇಲ್ಲಿಯ ತನಕ ತಮ್ಮ ಕಾರ್ಖಾನೆಯ ಒಂದೇ ಒಂದು ಜಾರುಬಂಡೆಯನ್ನೂ ಜಾರಿರಲಿಲ್ಲ. ಕೈಬಿಟ್ಟಳು. ನೀಲಿ ಕತ್ತಲು, ಒಂದು ತಿರುವು, ಎರಡನೇ ತಿರುವು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಆಕೆಯ ಕೂಗು ಕೊಳವೆಯೊಳಗೆ ಮೊಳಗಿ ಆಕೆಗಿಂತ ಮೊದಲೇ ಕೆಳಗೆ ತಲುಪಿತು. ಮರಳಿನಲ್ಲಿ ಕಾಲು ಚಾಚಿ ಕೂತವಳು ಎದ್ದು ಸೀರೆ ಕೊಡವಿ, ಯಾರನ್ನೂ ನೋಡದೆ ಮತ್ತೆ ಏಣಿಯ ಕಡೆ ನಡೆದಳು.

“ಆಂಟಿ, ಸಾಲಲ್ಲಿ ಬನ್ನಿ!” ಎಂದಿತು ಒಂದು ಮಗು. ಬೇಲಿಯ ಗೇಟು ಅಷ್ಟರಲ್ಲಿ ತೆರೆದಿತ್ತು.

ಮುಂದಿನ ವಾರ ಆಫೀಸಿನಲ್ಲಿ ಕೂಗು ಪೂರ್ತಿ ನಿಂತಿತೆಂದು ಹೇಳಿದರೆ ಸುಳ್ಳಾದೀತು. ಆದರೆ ಕಡಿಮೆಯಾಯಿತು. ಏನಾದರೂ ಸಿಗದಿದ್ದರೆ ಜನ ಒಬ್ಬರನ್ನೊಬ್ಬರು “ನೀವು ಅದನ್ನ ಏನಂತ ಕರೀತೀರಿ?” ಎಂದು ಕೇಳುವುದನ್ನು ಕಲಿತರು. ಅದಕ್ಕೂ ಸಿಗದಿದ್ದರೆ ದೂರಕ್ಕನ ಮೇಜಿಗೆ ಬರುತ್ತಿದ್ದರು, ಆಕೆ ಯಾರು, ಯಾವಾಗ ಎಂದು ಕೇಳಿ ಜರಡಿ ಹಿಡಿದುಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಲೆಕ್ಕಪ್ಪ ಬಂದ. ಆಚೀಚೆ ನೋಡಿ, ಕುರ್ಚಿ ಎಳೆದು ಕೂತ.

“ಒಂದು ಹುಡುಕಿಕೊಡಬೇಕಿತ್ತು.”

“ಬಿಲ್ಲಾ?”

“ಅಲ್ಲ.” ಪೆನ್ನಿನ ಮುಚ್ಚಳ ತೆಗೆದ, ಹಾಕಿದ. “ಒಂದ್ಸಲ ಯಾರೋ ನನಗೆ ಥ್ಯಾಂಕ್ಸ್ ಅಂತ ಬರೆದಿದ್ರು. ಓದಿ ಇಟ್ಟಿದ್ದೆ. ಎಲ್ಲಿ ಅಂತ ನೆನಪಿಲ್ಲ. ಮಗಳಿಗೆ ತೋರಿಸೋಣ ಅಂತ.”

“ಯಾರು ಬರೆದಿದ್ದು?”

“ಗೊತ್ತಿಲ್ಲ.”

“ಯಾವಾಗ?”

“ಚಳಿ ಇತ್ತು. ಸ್ವೆಟರ್ ಹಾಕ್ಕೊಂಡಿದ್ದೆ.”

ದೂರಕ್ಕ ನಗಲಿಲ್ಲ. ಆತನ ಪಾಸ್‌ವರ್ಡನ್ನು ಆತನಿಂದಲೇ ಒತ್ತಿಸಿ ಪೆಟ್ಟಿಗೆ ತೆರೆದಳು. ಲೆಕ್ಕಪ್ಪನಿಗೆ ಬಂದ ಮೇಲ್‌ಗಳು, ಚಳಿಗಾಲದ ತಿಂಗಳುಗಳು, ‘ಥ್ಯಾಂಕ್ಸ್’ ಅಥವಾ ‘ಧನ್ಯವಾದ’ ಅಥವಾ ‘ಉಪಕಾರ’ ಎಂದು ಹಾಕಿ ಹುಡುಕಿದಳು. ಆತ ಒಂದೇ ಒಂದನ್ನು ನೆನಪಿಟ್ಟುಕೊಂಡಿದ್ದ. ಪರದೆಯ ಮೇಲೆ ಬಂದದ್ದು ಒಂದಲ್ಲ. ಸಂಬಳ ಬೇಗ ಹಾಕಿಸಿದ್ದಕ್ಕೆ ಕಾವಲಿನವನದು, ಆಸ್ಪತ್ರೆಯ ಕಾಗದ ಸರಿಮಾಡಿಕೊಟ್ಟದ್ದಕ್ಕೆ ಹಳೇ ಮೇಸ್ತ್ರಿಯದು, ತಪ್ಪು ಹಿಡಿದು ಮಾನ ಉಳಿಸಿದ್ದಕ್ಕೆ ಮಾತಿನಮಲ್ಲನದು, ಇನ್ನೂ ಕೆಳಗೆ ಸಾಲು ಹೋಗುತ್ತಲೇ ಇತ್ತು.

“ಇದರಲ್ಲಿ ಯಾವುದು ಲೆಕ್ಕಪ್ಪನವರೇ?”

ಲೆಕ್ಕಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

“ತಡೀರಿ” ಎಂದ. “ಎಲ್ಲ ಓದಿ ಹೇಳ್ತೀನಿ.”